ಅದು ನಕಲಿ ಅಮೃತಶಿಲೆಯಲ್ಲ, ಗಾರೆಯವರ ಅಸಲಿ ಕೆಲಸ

ನಮ್ಮ ಕಡೆ ಕಲ್ಲು ಕೆತ್ತುವವರಿಗೆ ಶಿಲ್ಪಿ ಎನ್ನುತ್ತೇವೆ. ಮರ ಕೆತ್ತಿದವರಿಗೂ ಆ ಗೌರವ ಸಿಗುತ್ತದೆ. ಸುಣ್ಣ ಮರಳು ಕಲಸಿ, ಕರಣೆ ಹಿಡಿದು ಗೊಂಬೆ ಮಾಡಿದವರು ಮಾತ್ರ ಗಾರೆಯವರು. ಕೂಲಿ ಕೇಳುವಾಗಲೂ ಅಷ್ಟೆ, ಕಲ್ಲಿನ ಮೇಲೆ ಹೆಸರು ಬರೆಸುವಾಗಲೂ ಅಷ್ಟೆ, ಅವರು ಒಂದು ಮೆಟ್ಟಿಲು ಕೆಳಗೇ ನಿಲ್ಲಬೇಕು. ಕಲ್ಲು ಶಾಶ್ವತ, ಗಾರೆ ಇವತ್ತು ಇದ್ದು ನಾಳೆ ಉದುರುವುದು ಎಂಬ ಲೆಕ್ಕ.

ಈ ಲೆಕ್ಕ ಸರಿಯಿಲ್ಲ ಎಂದು ವಾದ ಮಾಡಲು ಕೂತಿದ್ದೇನೆ. ಸಾಕ್ಷಿಗೆ ಕರೆಯುತ್ತಿರುವುದು ಮಾತ್ರ ಬಹಳ ದೂರದ ಒಂದು ಊರನ್ನು. ಜರ್ಮನಿಯ ದಕ್ಷಿಣಕ್ಕೆ ಬವೇರಿಯಾ ಎಂಬ ಸೀಮೆ ಇದೆ. ಅಲ್ಲಿ ರೋರ್ ಎಂಬ ಸಣ್ಣ ಊರು. ಆ ಊರಿನ ಮಠದ ಚರ್ಚಿನಲ್ಲಿ ಸುಮಾರು 300 ವರ್ಷದಿಂದ ಒಂದು ಗಾರೆ ಪೀಠ ನಿಂತಿದೆ. ನಾನು ಅಲ್ಲಿಗೆ ಹೋದವನಲ್ಲ. ಓದಿ, ಫೋಟೋ ವಿಡಿಯೊ ನೋಡಿ ತಿಳಿದದ್ದು. ನೀವೂ ಮೊಬೈಲಿನಲ್ಲಿ ‘ರೋರ್ ಅಸಾಮ್ ಚರ್ಚ್’ ಎಂದು ಹುಡುಕಿದರೆ ಚಿತ್ರ ಸಿಗುತ್ತದೆ. ಚಿತ್ರವನ್ನು ಒಂದು ಸಲ ನೋಡಿ ಬಂದು ಮುಂದೆ ಓದಿದರೆ ಇನ್ನೂ ಒಳ್ಳೆಯದು.

ಮೊದಲು ಒಂದು ಪದದ ಗೊಂದಲ ಬಗೆಹರಿಸಿಕೊಳ್ಳೋಣ. ಕಾನ್ವೆಂಟ್ ಅಂದರೆ ನಮಗೆ ಟೈ ಕಟ್ಟಿಕೊಂಡು ಹೋಗುವ ಇಂಗ್ಲಿಷ್ ಮೀಡಿಯಂ ಶಾಲೆ. ಅಸಲಿಗೆ ಆ ಪದಕ್ಕೆ ಮಠ ಎಂದೇ ಅರ್ಥ. ಮದುವೆಯಾಗದೆ, ಸ್ವಂತ ಆಸ್ತಿ ಇಟ್ಟುಕೊಳ್ಳದೆ, ಒಂದೇ ಸೂರಿನಡಿ ಪ್ರಾರ್ಥನೆ ಮಾಡಿಕೊಂಡು ಬದುಕುವ ಗುರುಗಳೋ ಸನ್ಯಾಸಿನಿಯರೋ ಇರುವ ಜಾಗ. ರೋರ್‌ನಲ್ಲಿ ಇದ್ದದ್ದು ಸಂತ ಆಗಸ್ಟಿನ್ ಹೆಸರಿನ ನಿಯಮ ಪಾಲಿಸುತ್ತಿದ್ದ ಗುರುಗಳ ಮಠ. ಶುರುವಾದದ್ದು 1133ರಲ್ಲಿ. ಹಳೆಯ ಚರ್ಚನ್ನು ಹೊಸದಾಗಿ ಕಟ್ಟುವ ಕೆಲಸ 1717ರಲ್ಲಿ ಆರಂಭವಾಯಿತು. 1723ರ ಹೊತ್ತಿಗೆ ಪೀಠವೂ ಮುಗಿಯಿತು. ಕಟ್ಟಡ, ಗಾರೆ, ಗೊಂಬೆ ಎಲ್ಲದರ ಹೊಣೆ ಹೊತ್ತವನು ಎಗಿಡ್ ಕ್ವಿರಿನ್ ಅಸಾಮ್. ಶುರು ಮಾಡಿದಾಗ ಆತನಿಗೆ 25ರ ಆಸುಪಾಸು ವಯಸ್ಸು. ನಮ್ಮಲ್ಲಿ ಆ ವಯಸ್ಸಿನ ಹುಡುಗನ ಕೈಗೆ ದೇವಸ್ಥಾನದ ಕಾಂಪೌಂಡ್ ಗೋಡೆಯನ್ನೂ ಕೊಡುವುದಿಲ್ಲ.

ಚರ್ಚಿನೊಳಗೆ ಕಾಲಿಟ್ಟರೆ ಮೊದಲು ಕಾಣುವುದು ಬಿಳಿ ಗೋಡೆ, ಬಿಳಿ ಕಂಬ. ಅಬ್ಬರ ಕಡಿಮೆ. ಕಣ್ಣನ್ನು ಅಕ್ಕಪಕ್ಕ ಎಲ್ಲೂ ಹೆಚ್ಚು ಹೊತ್ತು ನಿಲ್ಲಲು ಬಿಡದೆ ನೇರ ಎದುರಿಗೆ ಎಳೆಯುತ್ತದೆ. ಎದುರಿಗಿರುವುದು ರಂಗಸ್ಥಳ. ಬೇರೆ ಪದ ನನಗೆ ಹೊಳೆಯುತ್ತಿಲ್ಲ. ಎರಡೂ ಬದಿಗೆ ದಪ್ಪ ಕಂಬಗಳು, ಹಿಂದೆ ಇಳಿಬಿಟ್ಟ ದೊಡ್ಡ ಪರದೆ. ಆ ಪರದೆಯೂ ಗಾರೆಯದೇ, ಬಟ್ಟೆಯದಲ್ಲ. ಮಧ್ಯದಲ್ಲಿ ಶವ ಇಡುವ ಕಲ್ಲಿನ ಪೆಟ್ಟಿಗೆ. ಪೆಟ್ಟಿಗೆ ಖಾಲಿ. ಸುತ್ತ ಯೇಸುವಿನ ಶಿಷ್ಯರು. ಆಳಿಗಿಂತ ದೊಡ್ಡ ಗೊಂಬೆಗಳು. ಯಾರೂ ಸುಮ್ಮನೆ ಪೂಜೆಗೆ ನಿಂತ ಹಾಗೆ ನಿಂತಿಲ್ಲ. ಕೆಲವರ ಗಮನ ಖಾಲಿ ಪೆಟ್ಟಿಗೆಯ ಕಡೆ, ಕೆಲವರು ಕೈ ಮೇಲೆತ್ತಿ ಹಿಂದಕ್ಕೆ ಬಾಗಿದ್ದಾರೆ, ಕೆಲವರು ತಮ್ಮ ತಮ್ಮಲ್ಲೇ ‘ಏನಾಯ್ತು’ ಎನ್ನುವ ಹಾಗೆ ತಿರುಗಿದ್ದಾರೆ. ಊರಲ್ಲಿ ಏನಾದರೂ ಆಗಬಾರದ್ದು ಆದಾಗ ಜನ ಸೇರುತ್ತಾರಲ್ಲ, ಆ ಗಡಿಬಿಡಿ.

ಅವರ ತಲೆಯ ಮೇಲೆ, ಗಾಳಿಯಲ್ಲಿ, ಮಾತೆ ಮರಿಯ. ಎರಡು ದೇವದೂತರು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಕಾಲ ಕೆಳಗೆ ಏನೂ ಇಲ್ಲ, ಹಿಂದೆ ಏನೂ ಇಲ್ಲ. ಇನ್ನೂ ಮೇಲೆ, ಬಂಗಾರದ ಮೋಡಗಳ ನಡುವೆ, ಸ್ವರ್ಗದವರು ಕಾಯುತ್ತಿದ್ದಾರೆ. ಕಾಣದ ಹಾಗೆ ಇಟ್ಟ ಕಿಟಕಿಯಿಂದ ಅಲ್ಲಿಗೆ ಹಳದಿ ಬೆಳಕು ಬೀಳುತ್ತದೆ. ಮರಿಯ ತೀರಿಕೊಂಡ ಮೇಲೆ ದೇಹ ಸಮೇತ ಸ್ವರ್ಗ ಸೇರಿದಳು ಎಂಬ ಕ್ಯಾಥೊಲಿಕರ ನಂಬಿಕೆಯ ಚಿತ್ರ ಇದು. ಆ ಹಬ್ಬ ಬರುವುದು ಆಗಸ್ಟ್ 15ಕ್ಕೆ. ನಮ್ಮೂರುಗಳ ಕ್ಯಾಥೊಲಿಕರು ಬೆಳಿಗ್ಗೆ ಧ್ವಜಾರೋಹಣ, ಪೂಜೆ ಎರಡನ್ನೂ ಒಟ್ಟಿಗೆ ಸುಧಾರಿಸುವುದು ಅದಕ್ಕೇ.

ಬಯಲಾಟ ನೋಡಿ ಬೆಳೆದವರಿಗೆ ಈ ವಿದ್ಯೆ ಹೊಸದಲ್ಲ. ಬಣ್ಣದ ವೇಷ ಬರುವ ಮೊದಲು ತೆರೆ ಹಿಡಿದು, ಮೇಲೆ ಕಿರೀಟ ಅಷ್ಟೇ ಕಾಣಿಸಿ, ಜನರ ಕುತೂಹಲ ಕುದಿಯಲು ಬಿಡುತ್ತಾರೆ. ಅಸಾಮ್ ಮಾಡಿದ್ದೂ ಅದನ್ನೇ. ಒಂದೇ ವ್ಯತ್ಯಾಸ, ಅವನ ವೇಷಗಳು ಒಂದು ಕ್ಷಣವನ್ನು ಹಿಡಿದು 300 ವರ್ಷ ಹಾಗೇ ನಿಂತಿವೆ.

ಈಗ ಗಾರೆಯ ವಿಷಯಕ್ಕೆ ಬರುತ್ತೇನೆ. ಗಾಳಿಯಲ್ಲಿ ತೇಲುವ ಆ ಮೂರು ಗೊಂಬೆಗಳನ್ನು ಕಲ್ಲಿನಲ್ಲಿ ಮಾಡಿ ನಿಲ್ಲಿಸಿ ನೋಡೋಣ. ಆಗುವ ಮಾತಲ್ಲ. ಕಲ್ಲಿನ ಭಾರಕ್ಕೆ ಕೆಳಗೆ ಆಧಾರ ಬೇಕೇ ಬೇಕು. ಆಧಾರ ಕೊಟ್ಟರೆ ತೇಲುವುದು ಎಲ್ಲಿಂದ ಬಂತು? ಅಸಾಮ್ ಮಾಡಿದ ಉಪಾಯ ಇಷ್ಟು: ಹಿಂದಿನ ಗೋಡೆಯಿಂದ ಕಬ್ಬಿಣದ ಸರಳು ಹೊರಡಿಸಿ, ಅದರ ಮೇಲೆ ಗಾರೆಯ ಮೈ ಕಟ್ಟಿದ. ಸರಳು ಎದುರಿನಿಂದ ಕಾಣದ ಹಾಗೆ ಗೊಂಬೆಯ ಮೈಯೇ ಮರೆ. ಇದು ಗಾರೆಯಿಂದ ಮಾತ್ರ ಸಾಧ್ಯವಾದ ಕೆಲಸ. ಅಂದಮೇಲೆ ಅದನ್ನು ‘ಕಲ್ಲಿಗೆ ದುಡ್ಡಿಲ್ಲದೆ ಗಾರೆಯಲ್ಲಿ ಮಾಡಿದ್ದು’ ಎನ್ನುವುದು ಹೇಗೆ?

ಈ ಗಾರೆಗೆ ಯುರೋಪಿನಲ್ಲಿ ಸ್ಟಕ್ಕೊ ಎನ್ನುತ್ತಾರೆ. ಒಂದೊಂದು ಸೀಮೆಯಲ್ಲಿ ಒಂದೊಂದು ಪಾಕ. ಬವೇರಿಯಾದ ಕಡೆ ಚರ್ಚಿನ ಒಳಗಿನ ಕೆಲಸಕ್ಕೆ ಜಿಪ್ಸಮ್, ಸುಣ್ಣ, ಮರಳು ಸೇರಿಸುತ್ತಿದ್ದರು. ಜಿಪ್ಸಮ್ ಅಂದರೆ ಒಂದು ಬಗೆಯ ಮೆದು ಕಲ್ಲು. ಸುಟ್ಟು ಪುಡಿ ಮಾಡಿದರೆ ನಮಗೆಲ್ಲ ಗೊತ್ತಿರುವ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಗಣೇಶನ ಮೂರ್ತಿ ವಿಷಯದಲ್ಲಿ ಹೆಸರು ಕೆಡಿಸಿಕೊಂಡ ಅದೇ ಪಿಒಪಿ. ಈಗ ಹೊಸ ಮನೆ ಕಟ್ಟಿಸಿದವರೆಲ್ಲ ಹಾಲ್‌ನ ಚಾವಣಿಗೆ ಹೂವಿನ ಡಿಸೈನ್ ಮಾಡಿಸುತ್ತಿರುವ ಅದೇ ಪಿಒಪಿ.

ಜಿಪ್ಸಮ್ ನೀರು ಕುಡಿದ ಕೆಲವೇ ನಿಮಿಷಕ್ಕೆ ಗಟ್ಟಿಯಾಗುತ್ತದೆ. ಅಷ್ಟು ಬೇಗ ಒಂದು ಮುಖ ತಿದ್ದಲು ಯಾರಿಂದಲೂ ಆಗುವುದಿಲ್ಲ. ಅದಕ್ಕೆ ಪಾಕಕ್ಕೆ ಅಂಟು ಬೆರೆಸಿ ಗಟ್ಟಿಯಾಗುವುದನ್ನು ತಡ ಮಾಡುತ್ತಿದ್ದರು. ಸುಣ್ಣದ ಗುಣ ಇದಕ್ಕೆ ಉಲ್ಟಾ. ಅದು ಗಾಳಿ ಕುಡಿಯುತ್ತಾ ನಿಧಾನಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಎರಡನ್ನೂ ಹದಕ್ಕೆ ತರಬೇಕು. ಬಿರುಕು ಬಿಡದ ಹಾಗೆ ಕರುವಿನ ಕೂದಲಿನಂಥದ್ದನ್ನು ಸೇರಿಸುವುದೂ ಇತ್ತು. ಒಳಗೆ ಮರದ ಪಟ್ಟಿ, ಮೊಳೆ, ತಂತಿ, ಕಬ್ಬಿಣದ ಸರಳು. ಮೇಲೆ ಮೊದಲು ಒರಟು ಪದರ, ಆಮೇಲೆ ನಯವಾದ ಪದರ. ಅದು ಇನ್ನೂ ಹಸಿ ಇರುವಾಗಲೇ ಸಣ್ಣ ಕಬ್ಬಿಣದ ಕರಣೆಯಲ್ಲಿ ಮೂಗು, ಬೆರಳು, ಬಟ್ಟೆಯ ನೆರಿಗೆ ತೆಗೆಯಬೇಕು. ಕಲ್ಲಿನ ಶಿಲ್ಪಿಗೆ ಬೇಸರವಾದರೆ ಉಳಿ ಕೆಳಗಿಟ್ಟು ಊಟ ಮಾಡಿ ಬರಬಹುದು. ಗಾರೆಯವನಿಗೆ ಆ ಪುರಸೊತ್ತು ಇಲ್ಲ. ಹದ ಕಾಯುವುದಿಲ್ಲ.

ಇದನ್ನು ಕಡಿಮೆ ದರ್ಜೆಯ ವಿದ್ಯೆ ಎನ್ನುವವರು ಒಂದು ದಿನ ಒಂದು ಬೆರಳು ಮಾಡಿ ತೋರಿಸಲಿ.

ಹಾಗಿದ್ದರೂ ‘ನಕಲಿ’ ಎಂಬ ಹಣೆಪಟ್ಟಿ ಗಾರೆಗೆ ಅಂಟಿಕೊಂಡಿದೆ. ಅದಕ್ಕೆ ಒಂದು ಕಾರಣ ಗಾರೆಯಲ್ಲೇ ಮಾಡುವ ಬಣ್ಣದ ಅಮೃತಶಿಲೆ. ಆ ಕಾಲದ ಪೀಠಗಳಲ್ಲಿ ಕೆಂಪು, ಹಸಿರು, ಹಳದಿ ಗೆರೆಗಳ ಮಿರಿಮಿರಿ ಕಂಬಗಳು ಕಾಣುತ್ತವಲ್ಲ, ಅವುಗಳಲ್ಲಿ ಎಷ್ಟೋ ಕಲ್ಲಲ್ಲ. ಜಿಪ್ಸಮ್ಮಿಗೆ ಅಂಟು ಮತ್ತು ಬಣ್ಣ ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದುತ್ತಾರೆ. ಬೇರೆ ಬೇರೆ ಬಣ್ಣದ ಉಂಡೆಗಳನ್ನು ಒತ್ತಿ ಸೇರಿಸಿ, ಕೊಯ್ದು, ಹಾಳೆ ಮಾಡಿ ಕಂಬಕ್ಕೆ ಮೆತ್ತುತ್ತಾರೆ. ಒಣಗಿದ ಮೇಲೆ ಉಜ್ಜುವುದು. ಒರಟು ಕಲ್ಲಿನಿಂದ ಶುರು ಮಾಡಿ ನಯದ ಕಲ್ಲಿಗೆ ಬರುವುದು, ನಡುವೆ ಕಂಡ ತೂತುಗಳನ್ನು ತುಂಬುವುದು, ಮತ್ತೆ ಉಜ್ಜುವುದು. ಕೊನೆಗೆ ಎಣ್ಣೆಯೋ ಮೇಣವೋ ಹಚ್ಚಿ ಹೊಳಪು. ಇಷ್ಟು ದಿನದ ಕೂಲಿ ಸೇರಿಸಿದರೆ ಎಷ್ಟೋ ಕಡೆ ಇದು ನಿಜವಾದ ಅಮೃತಶಿಲೆಗಿಂತ ಅಗ್ಗವೇನೂ ಆಗುತ್ತಿರಲಿಲ್ಲ. ಆದರೂ ಮಾಡಿಸುತ್ತಿದ್ದರು. ಯಾಕೆಂದರೆ ಕಲ್ಲಿನ ಗಣಿಯಲ್ಲಿ ಸಿಗದ ಬಣ್ಣ ಇದರಲ್ಲಿ ಬರುತ್ತದೆ, ಎಂಥ ತಿರುವಿಗೂ ಬಗ್ಗುತ್ತದೆ. ಗುರುತಿಸಲು ಒಂದು ಸುಲಭದ ಉಪಾಯ ಹೇಳುತ್ತಾರೆ: ಕೈ ಇಟ್ಟು ನೋಡಿ. ಅಮೃತಶಿಲೆ ತಣ್ಣಗೆ ಕೊರೆಯುತ್ತದೆ, ಗಾರೆ ಅಷ್ಟು ತಣ್ಣಗಿರುವುದಿಲ್ಲ.

ನನ್ನ ಕೇಳಿದರೆ ‘ನಕಲಿ’ ಎನ್ನುವ ಪದವನ್ನು ಮೋಸಕ್ಕೆ ಮಾತ್ರ ಇಟ್ಟುಕೊಳ್ಳಬೇಕು. ಹಾಲಿಗೆ ನೀರು ಬೆರೆಸಿದರೆ ಅದು ನಕಲಿ. ನೀರಿನಿಂದಲೇ ಇನ್ನೊಂದು ರುಚಿ ಹುಟ್ಟಿಸಿದರೆ ಅದು ವಿದ್ಯೆ.

ಈ ಕೈಗಳು ಎಲ್ಲಿಂದ ಬಂದವು ಎಂಬುದು ನನಗೆ ಈ ಕತೆಯಲ್ಲೇ ತುಂಬಾ ಹಿಡಿಸಿದ ಭಾಗ. ಅಸಾಮ್ ಮನೆತನದ್ದು ಬಣ್ಣದ ಕೆಲಸ. ತಂದೆ ಹಾನ್ಸ್ ಗೆಯೊರ್ಗ್ ಅಸಾಮ್ ಮಠದಿಂದ ಮಠಕ್ಕೆ ಹೋಗಿ ಚಾವಣಿ ಚಿತ್ರ ಬರೆಯುತ್ತಿದ್ದ. ದೊಡ್ಡ ಮಗ ಕೊಸ್ಮಾಸ್ ಡೇಮಿಯನ್ ಒಂದು ಮಠದ ಊರಿನಲ್ಲಿ ಹುಟ್ಟಿದ, ಚಿಕ್ಕವನು ಎಗಿಡ್ ಕ್ವಿರಿನ್ ಇನ್ನೊಂದು ಮಠದ ಊರಿನಲ್ಲಿ. ದೊಡ್ಡವನು ರೋಮ್‌ಗೆ ಹೋಗಿ ಚಿತ್ರಕಲೆ ಕಲಿತು ಬಂದ. ಚಿಕ್ಕವನು ಮ್ಯೂನಿಕ್‌ನಲ್ಲಿ ಒಬ್ಬ ಶಿಲ್ಪಿಯ ಹತ್ತಿರ ಕೆಲಸ ಕಲಿತ. ಅಣ್ಣ ಚಿತ್ರ, ತಮ್ಮ ಗಾರೆ.

ಅಣ್ಣ ತಮ್ಮ ಕೂಡಿ ಮಾಡಿದ ಕೆಲಸ ನೋಡಬೇಕೆಂದರೆ ರೋರ್‌ನಿಂದ ಹೆಚ್ಚು ದೂರವಿಲ್ಲದ ವೆಲ್ಟನ್‌ಬುರ್ಗ್ ಮಠ ಇದೆ. ಡ್ಯಾನ್ಯೂಬ್ ನದಿ ಬಂಡೆಗಳ ನಡುವೆ ನುಗ್ಗುವ ಜಾಗ, ದಡದಲ್ಲೇ ಮಠ. ಹಾಗಾಗಿ ನೆರೆ ನೀರಿನ ಕಾಟ ತಪ್ಪಿದ್ದಲ್ಲ. ಅಲ್ಲಿನ ಸನ್ಯಾಸಿಗಳು ಸಾವಿರ ವರ್ಷದ ಹತ್ತಿರದಿಂದ ಬಿಯರ್ ಮಾಡುತ್ತಿದ್ದೇವೆ ಎಂದು ಹೇಳಿಕೊಳ್ಳುತ್ತಾರೆ, ಅದು ಬೇರೆ ಕತೆ. ಒಳಗೆ ಪೀಠದ ಜಾಗದಲ್ಲಿ ಕುದುರೆ ಏರಿದ ಸಂತ ಜಾರ್ಜ್. ಚರ್ಚಿನ ಒಳಗೆ ನಸುಗತ್ತಲೆ. ಜಾರ್ಜ್‌ನ ಬೆನ್ನ ಹಿಂದೆ ಮಾತ್ರ, ಕಾಣದ ಕಿಟಕಿಗಳ ದೆಸೆಯಿಂದ, ಕಣ್ಣು ಕೋರೈಸುವ ಬೆಳಕು. ಬೆಳಕಿನೊಳಗಿಂದ ಕುದುರೆ ನಮ್ಮ ಮೇಲೇ ಬಂದ ಹಾಗೆ ಕಾಣುತ್ತದೆ. ಒಂದು ಬದಿಗೆ ಬಾಯಿ ತೆರೆದ ಡ್ರ್ಯಾಗನ್, ಇನ್ನೊಂದು ಬದಿಗೆ ಹೆದರಿ ಹಿಂದೆ ಸರಿದ ರಾಜಕುಮಾರಿ. ಬದಿಯಲ್ಲಿ ಸಂತ ಮಾರ್ಟಿನ್‌ನ ಕಾಲ ಬಳಿ ಒಂದು ಬಾತುಕೋಳಿಯೂ ಇದೆ. ತಲೆ ಎತ್ತಿ ನೋಡಿದರೆ ಗುಮ್ಮಟದ ಅಂಚಿನಿಂದ ಒಬ್ಬ ಮನುಷ್ಯ ಬಗ್ಗಿ ನಮ್ಮನ್ನೇ ನೋಡಿ ನಗುತ್ತಿದ್ದಾನೆ. ಅದು ಅಣ್ಣ ಕೊಸ್ಮಾಸ್‌ನ ಗಾರೆ ಗೊಂಬೆ. ದೇವರ ಮನೆಯಲ್ಲಿ ಕೆಲಸಗಾರನೂ ಒಂದು ಜಾಗ ಹಿಡಿದು ಕೂತಿದ್ದಾನೆ. ನನಗೆ ಅದು ಬಹಳ ಇಷ್ಟವಾಯಿತು.

ಅಸಾಮ್ ಅಣ್ಣತಮ್ಮಂದಿರು ಹೆಸರು ಮಾಡಿದವರು. ಅವರಷ್ಟು ಹೆಸರು ಮಾಡದೆ ಅವರಿಗಿಂತ ಎಷ್ಟೋ ಹೆಚ್ಚು ಗೋಡೆಗಳಿಗೆ ಗಾರೆ ಮೆತ್ತಿದವರು ಇನ್ನೊಂದು ಊರಿನವರು. ಮ್ಯೂನಿಕ್‌ನ ನೈಋತ್ಯಕ್ಕೆ, ಆಲ್ಪ್ಸ್ ಬೆಟ್ಟಗಳ ತಪ್ಪಲಿಗೆ ಹತ್ತಿರ, ವೆಸ್ಸೊಬ್ರುನ್ ಎಂಬ ಹಳ್ಳಿ. ಅಲ್ಲೂ ಒಂದು ಹಳೆಯ ಮಠ. ಸುತ್ತಲಿನ ಕೇರಿಗಳಲ್ಲಿ ಸಣ್ಣ ಹಿಡುವಳಿಯ ರೈತರು. ಬರೀ ಹೊಲ ನಂಬಿದರೆ ಹೊಟ್ಟೆ ತುಂಬದು. ಹಾಗಾಗಿ ಗಾರೆ ಕೆಲಸ ಕಲಿತರು. ಚಳಿ ಕಳೆದ ಮೇಲೆ ಗುಂಪು ಕಟ್ಟಿಕೊಂಡು ಹೊರಡುವುದು, ಹಿಮ ಬೀಳುವ ಹೊತ್ತಿಗೆ ಊರಿಗೆ ಮರಳುವುದು. ನಮ್ಮ ಕಡೆ ಗುಳೆ ಹೋಗುವುದು ಅಂತಾರಲ್ಲ, ಥೇಟ್ ಹಾಗೆ. ಅಪ್ಪ, ಮಕ್ಕಳು, ಅಳಿಯ, ಸೋದರಳಿಯ ಎಲ್ಲ ಒಂದೇ ತಂಡ. ಹೀಗೆ ಹೋದವರು ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ದಾಟಿ ಫ್ರಾನ್ಸ್, ಪೋಲೆಂಡ್, ಹಂಗೇರಿಯವರೆಗೂ ತಲುಪಿದರು. ಈ ಒಂದು ಹಳ್ಳಿ ಮತ್ತು ಆಸುಪಾಸಿನಿಂದ ಹೊರಟ 600ಕ್ಕೂ ಹೆಚ್ಚು ಗಾರೆಯವರ ಹೆಸರು ದಾಖಲೆಯಲ್ಲಿ ಸಿಗುತ್ತದೆ. ಒಂದು ಹಳ್ಳಿ, 600 ಹೆಸರು! ಷ್ಮುಟ್ಸರ್, ಫೈಖ್ಟ್‌ಮೈರ್, ತ್ಸಿಮ್ಮರ್‌ಮನ್ ಮನೆತನಗಳು ಅವರಲ್ಲಿ ದೊಡ್ಡವು.

ಇಂಥವರು ಮಾಡಿದ ಅಲಂಕಾರಕ್ಕೆ ‘ನಕಲಿ’ ಆದಮೇಲೆ ಬಿದ್ದ ಎರಡನೆಯ ಬೈಗುಳ ‘ಅತಿ’. ಇದನ್ನು ಸುಮ್ಮನೆ ತಳ್ಳಿಹಾಕುವ ಹಾಗಿಲ್ಲ. ಒಪ್ಪಬೇಕಾದ ಮಾತೂ ಅದರಲ್ಲಿದೆ. ಈ ಮಠಗಳು ದೊಡ್ಡ ಭೂಮಾಲೀಕರು. ಪೀಠಕ್ಕೆ ಮೆತ್ತಿದ ಚಿನ್ನದ ರೇಕು ಆಕಾಶದಿಂದ ಉದುರಿದ್ದಲ್ಲ, ಒಕ್ಕಲು ಮಕ್ಕಳು ಕೊಟ್ಟ ಗೇಣಿ ಮತ್ತು ಬೆಳೆಯ ಪಾಲಿನಿಂದ ಬಂದದ್ದು. ಕೆಲವು ಮಠಾಧಿಪತಿಗಳು ಕೈಮೀರಿ ಖರ್ಚು ಮಾಡಿದರು. ವೆಸ್ಸೊಬ್ರುನ್ನಿನವನೇ ಆದ ಡೊಮಿನಿಕುಸ್ ತ್ಸಿಮ್ಮರ್‌ಮನ್ 1745ರಿಂದ 1754ರವರೆಗೆ ವೀಸ್ ಎಂಬಲ್ಲಿ, ಹುಲ್ಲುಗಾವಲಿನ ನಡುವೆ, ಒಂದು ಯಾತ್ರೆಯ ಚರ್ಚು ಕಟ್ಟಿದ. ಕಟ್ಟಿಸಿದ ಸ್ಟೈನ್‌ಗಾಡನ್ ಮಠಕ್ಕೆ ಅಂದಾಜಿನ ಹಲವು ಪಟ್ಟು ಖರ್ಚು ಬಂದು ಸಾಲ ತಲೆಮೇಲೆ ಕೂತಿತು. ಹಸಿದವರ ದುಡ್ಡಿನಲ್ಲಿ ಚಿನ್ನದ ಮೋಡ ಬೇಕಿತ್ತೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು.

ಆದರೆ ಆ ಪ್ರಶ್ನೆ ಕೇಳಿದವರು ಯಾರು, ಕೇಳಿ ಮಾಡಿದ್ದೇನು ಎಂದು ನೋಡಿ. 1770ರಲ್ಲಿ ಬವೇರಿಯಾದ ದೊರೆ ಮೂರನೆಯ ಮ್ಯಾಕ್ಸಿಮಿಲಿಯನ್ ಜೋಸೆಫ್‌ನ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಹಳ್ಳಿಗಳ ಚರ್ಚು ಕಟ್ಟುವಾಗ ಬೇಡದ ಗಾರೆ ಅಲಂಕಾರ, ನಗೆ ಬರಿಸುವ ಅಂದಚೆಂದ ಎಲ್ಲ ಬಿಟ್ಟು, ಪೀಠಗಳು ಸರಳವಾಗಿ, ಗಂಭೀರವಾಗಿ ಇರಬೇಕು ಎಂಬುದು ಅದರ ಸಾರ. ಕಟ್ಟಳೆ ಹಳ್ಳಿಯ ಚರ್ಚಿಗೆ ಎಂಬುದನ್ನು ಗಮನಿಸಿ. ರಾಜಧಾನಿಯಲ್ಲಿ ಕೂತವರ ರುಚಿ ಬದಲಾಗಿತ್ತು. ಗ್ರೀಕರ ಹಾಗೆ ನೇರ ಕಂಬ, ಬೋಳು ಗೋಡೆ ಈಗ ಹೊಸ ಫ್ಯಾಷನ್. ಹಾಗಾಗಿ ನಿನ್ನೆಯವರೆಗೆ ಚೆಂದ ಎನಿಸಿದ್ದು ಇವತ್ತು ಹಳ್ಳಿಗರ ಅಸಂಬದ್ಧ. ರೈತನ ಗೇಣಿ ಕಡಿಮೆಯಾಗಲಿ ಎಂಬುದೇ ಕಾಳಜಿಯಾಗಿದ್ದರೆ ಗೇಣಿಯ ಬಗ್ಗೆ ಆಜ್ಞೆ ಬರಬೇಕಿತ್ತಲ್ಲ?

1803 ಬಂತು. ಮಠಗಳನ್ನೆಲ್ಲ ಮುಚ್ಚಿ ಆಸ್ತಿಯನ್ನು ಸರ್ಕಾರ ತೆಗೆದುಕೊಂಡಿತು. ಪುಸ್ತಕ, ಬೆಳ್ಳಿ, ಕಾಡು, ಹೊಲ ಎಲ್ಲ ಲೆಕ್ಕಕ್ಕೆ ಬಂದವು. ಬೆಳ್ಳಿಯನ್ನು ಕರಗಿಸಬಹುದು, ಮರವನ್ನು ಮಾರಬಹುದು. ಗಾರೆಯನ್ನು ಏನು ಮಾಡುತ್ತೀರಿ? ಗೋಡೆಯಿಂದ ಕಿತ್ತರೆ ಪುಡಿ. ಗಾರೆ ಪೀಠಕ್ಕೆ ಮಾರುಕಟ್ಟೆ ಬೆಲೆ ಇಲ್ಲ. ಗೋಡೆ ಉಳಿದರೆ ಅದೂ ಉಳಿಯಿತು, ಗೋಡೆ ಬಿದ್ದರೆ ಅದೂ ಹೋಯಿತು. ರೋರ್‌ನ ಗುರುಗಳು ಚದುರಿದರು, ಆದರೆ ಚರ್ಚು ಊರವರ ಚರ್ಚಾಗಿ ಉಳಿಯಿತು. ಜನ ಪೂಜೆಗೆ ಬರುವ ಜಾಗ ಎಂಬ ಕಾರಣಕ್ಕೆ ಪೀಠದ ಶಿಷ್ಯರೂ ಮರಿಯಳೂ ಬದುಕಿದರು. ವೆಲ್ಟನ್‌ಬುರ್ಗ್ ಮಠವನ್ನು ಮುಂದೆ 1842ರಲ್ಲಿ ಮತ್ತೆ ತೆರೆದರು.

ಉಳಿಯದೇ ಹೋದದ್ದು ಯಾವುದು ಗೊತ್ತೆ? ಯುರೋಪಿನ ಅರ್ಧ ಚರ್ಚುಗಳಿಗೆ ಗಾರೆಯವರನ್ನು ಕಳಿಸಿದ ವೆಸ್ಸೊಬ್ರುನ್ನಿನ ಸ್ವಂತ ಮಠದ ಚರ್ಚು. ಅರ್ಧ ಎಂದದ್ದು ನನ್ನ ಬಾಯಿ ಮಾತು, ತಕ್ಕಡಿಗೆ ಹಾಕಬೇಡಿ. ಮಠ ಮುಚ್ಚಿದ ಕೆಲವೇ ವರ್ಷಗಳಲ್ಲಿ ಆ ಚರ್ಚನ್ನು ಕೆಡವಿದರು. ಹತ್ತಿರದ ವೈಲ್‌ಹೈಮ್ ಪಟ್ಟಣಕ್ಕೆ ಬೆಂಕಿ ಬಿದ್ದು ಮನೆಗಳು ಸುಟ್ಟಿದ್ದವು, ಅವನ್ನು ಮತ್ತೆ ಕಟ್ಟಲು ಇಲ್ಲಿನ ಕಲ್ಲು ಹೋಯಿತು. ಮನೆ ಸುಟ್ಟವರಿಗೆ ಕಲ್ಲು ಸಿಕ್ಕಿದ್ದಕ್ಕೆ ನಾನು ಹೊಟ್ಟೆ ಉರಿದುಕೊಳ್ಳುವುದಿಲ್ಲ. ಆದರೆ ಕಲ್ಲಿಗೆ ಇನ್ನೊಂದು ಬಾಳು ಸಿಕ್ಕಿತು, ಗಾರೆಗೆ ಸಿಗಲಿಲ್ಲ. ಈಗ ಅಲ್ಲಿ ಉಳಿದಿರುವುದು ಒಂಟಿಯಾಗಿ ನಿಂತ ಹಳೆಯ ಗಂಟೆಗೋಪುರ ಮತ್ತು ಮಠದ ಕಟ್ಟಡದ ಒಂದು ಭಾಗ. ಆ ಭಾಗದ ಒಂದು ದೊಡ್ಡ ಕೋಣೆಯ ಚಾವಣಿಯಲ್ಲಿ ಗಾರೆಯ ಎಲೆಬಳ್ಳಿಗಳ ನಡುವೆ ಬೇಟೆಯ ಚಿತ್ರಗಳಿವೆ. ಊರಿನವರ ಕೈ ಎಂಥದ್ದಾಗಿತ್ತು ಎಂದು ಅಂದಾಜು ಮಾಡಲು ಅಷ್ಟು ಸಾಕು.

ವೀಸ್‌ನ ಕತೆ ಬೇರೆಯಾಯಿತು. ಅಲ್ಲಿನ ಚರ್ಚು ಹುಟ್ಟಿದ್ದೇ ಒಬ್ಬ ರೈತ ಹೆಂಗಸಿನ ಮನೆಯಿಂದ. ಮೆರವಣಿಗೆಗೆಂದು ಮಾಡಿಸಿ, ಆಮೇಲೆ ಯಾರಿಗೂ ಬೇಡವಾಗಿ ಅಟ್ಟ ಸೇರಿದ್ದ ಯೇಸುವಿನ ಒಂದು ಮರದ ಮೂರ್ತಿಯನ್ನು ಆಕೆ ಮನೆಗೆ ತಂದಿಟ್ಟುಕೊಂಡಿದ್ದಳು. 1738ರಲ್ಲಿ ಅದರ ಕಣ್ಣಲ್ಲಿ ನೀರು ಕಂಡಿತು ಎಂದಳು. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಜನ ಮಾತ್ರ ಸಾವಿರಗಟ್ಟಲೆ ಬರತೊಡಗಿದರು, ಚರ್ಚು ಎದ್ದಿತು. 1803ರ ನಂತರ ಅದನ್ನೂ ಹರಾಜು ಹಾಕಿ ಕೆಡವಬೇಕೆಂಬ ಯೋಚನೆ ಸರ್ಕಾರಕ್ಕೆ ಬಂದಿತ್ತು. ತಡೆದವರು ಸುತ್ತಲಿನ ಹಳ್ಳಿಗಳ ರೈತರು. ಕಲಾ ಪಂಡಿತರಲ್ಲ, ದೊರೆಗಳಲ್ಲ. ಇವರ ಅಜ್ಜಂದಿರ ಗೇಣಿಯಿಂದಲೇ ಆ ಚಿನ್ನದ ರೇಕು ಬಂದಿತ್ತು. ಖರ್ಚು ಅತಿಯಾಗಿತ್ತು ನಿಜ, ಆದರೆ ಖರ್ಚಾದದ್ದು ತಮ್ಮದು, ಅದನ್ನು ಈಗ ಕಸ ಎಂದು ಬಿಸಾಡಲು ನೀವು ಯಾರು ಎಂಬುದು ಅವರ ಮನಸ್ಸಿನಲ್ಲಿತ್ತೋ ಏನೋ. ನಾನಾಗಿದ್ದರೆ ಹಾಗೇ ಕೇಳುತ್ತಿದ್ದೆ. 1983ರಲ್ಲಿ ಯುನೆಸ್ಕೊ ಆ ಚರ್ಚನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪಂಡಿತರಿಗೆ ಅರ್ಥವಾಗಲು ರೈತರಿಗಿಂತ ಸುಮಾರು 180 ವರ್ಷ ಹೆಚ್ಚು ಬೇಕಾಯಿತು.

ಇಷ್ಟು ಹೇಳಿದ್ದರಿಂದ ಊರವರು ಬೇಕಾದ್ದು ಮಾಡಬಹುದು ಎಂದು ಅರ್ಥ ಮಾಡಿಕೊಳ್ಳಬೇಡಿ. ಗಾರೆಯನ್ನು ಪ್ರೀತಿಯಿಂದಲೇ ಕೊಲ್ಲಬಹುದು. ಒಳಗಿನ ಜಿಪ್ಸಮ್ ಗಾರೆಗೆ ದೊಡ್ಡ ಶತ್ರು ಸೋರುವ ಮಾಡು. ಚಿನ್ನದ ಹೊಳಪು ಹಾಳಾಯಿತೇ ಎಂದು ನೋಡುವ ಮೊದಲು ಹೆಂಚು ಜರುಗಿದೆಯೇ ಎಂದು ನೋಡಬೇಕು. ಬವೇರಿಯಾದಲ್ಲಿ ಈಗ ದುರಸ್ತಿ ಅಂದರೆ ಹೊಸ ಗೊಂಬೆ ಮಾಡುವುದಲ್ಲ. ಮೊದಲು ಬೆರಳಲ್ಲಿ ತಟ್ಟಿ ಎಲ್ಲಿ ಟೊಳ್ಳು ಶಬ್ದ ಬರುತ್ತದೆ ಎಂದು ಗುರುತು ಹಾಕುತ್ತಾರೆ. ಗೋಡೆ ಬಿಟ್ಟ ಗಾರೆಯ ಹಿಂದಕ್ಕೆ ಸಿರಿಂಜಿನಲ್ಲಿ ತೆಳು ಗಾರೆ ಬಿಟ್ಟು ಮತ್ತೆ ಹಿಡಿಸುತ್ತಾರೆ. ಧೂಳು ಮಸಿ ಮೆಲ್ಲಗೆ ತೆಗೆಯುತ್ತಾರೆ. ವೀಸ್‌ನಲ್ಲಿ 1985ರಿಂದ 1991ರವರೆಗೆ ಇಂಥ ದುರಸ್ತಿ ನಡೆಯಿತು. ಆರು ವರ್ಷ! ಒಂದು ಸಣ್ಣ ಚರ್ಚಿಗೆ.

ನಮ್ಮಲ್ಲಿ ಗಾರೆ ಶಿಲ್ಪ ಇರುವುದು ಬಿಸಿಲು ಮಳೆಗೆ ಒಡ್ಡಿದ ಗೋಪುರಗಳ ಮೇಲೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಗೋಪುರವನ್ನೇ ನೋಡಿ, ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಮತ್ತು ಗಾರೆ. ಇದು ಸುಣ್ಣದ ವಿದ್ಯೆ, ಪಿಒಪಿಯದಲ್ಲ, ಎರಡೂ ಒಂದೇ ಅಲ್ಲ. ಆದರೆ ಅವಸರದ ಕಾಯಿಲೆ ಒಂದೇ. ಹಳ್ಳಿಗಳಲ್ಲಿ ಜೀರ್ಣೋದ್ಧಾರ ಎಂದು ಹೊರಟಾಗ ಮೊದಲು ಬರುವುದು ಸಿಮೆಂಟಿನ ಚೀಲ, ಆಮೇಲೆ ಆಯಿಲ್ ಪೇಂಟಿನ ಡಬ್ಬ. ಸುಣ್ಣದ ಗಾರೆ ಉಸಿರಾಡುವ ವಸ್ತು, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಹಾಕಿಕೊಂಡು, ಉಪ್ಪು ಒಡೆದು, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯದನ್ನೂ ಕಿತ್ತುಕೊಂಡು ಬೀಳುತ್ತದೆ. ಪೇಂಟು ಬಳಿದರೆ ಬೆರಳಿನ ಗೆರೆ, ಕಣ್ಣಿನ ರೆಪ್ಪೆ ಎಲ್ಲ ಮುಚ್ಚಿ ಗೊಂಬೆ ಗುಂಡಗಾಗುತ್ತದೆ. ಊರಿನ ಸಮಿತಿಯವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಗೋಪುರಕ್ಕೆ ಕೈ ಹಾಕುವ ಮುಂಚೆ ಸುಣ್ಣದ ಕೆಲಸ ಗೊತ್ತಿರುವ ಒಬ್ಬ ಹಿರಿಯ ಮೇಸ್ತ್ರಿಯನ್ನು ಕರೆಸಿ ತೋರಿಸಿ. ಕೆಲಸ ಮುಗಿದ ಮೇಲೆ ದಾನಿಗಳ ಹೆಸರಿನ ಕಲ್ಲು ಹಾಕಿಸುತ್ತೀರಲ್ಲ, ಅದರಲ್ಲಿ ಆ ಮೇಸ್ತ್ರಿಯ ಹೆಸರೂ ಇರಲಿ. ಕೊನೆಯ ಸಾಲಿನಲ್ಲಾದರೂ ಸರಿ.

ರೋರ್‌ಗೆ 1946ರಲ್ಲಿ ಮತ್ತೆ ಸನ್ಯಾಸಿಗಳು ಬಂದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಮಾತಾಡುವವರನ್ನು ಬೊಹೀಮಿಯಾದಿಂದ ಹೊರಹಾಕಿದಾಗ, ಬ್ರೌನೌ ಎಂಬಲ್ಲಿನ ಮಠ ಬಿಟ್ಟು ಬರಬೇಕಾದ ಬೆನೆಡಿಕ್ಟಿನ್ ಪಂಥದವರು ಅವರು. ಮನೆ ಕಳೆದುಕೊಂಡವರಿಗೆ 143 ವರ್ಷದಿಂದ ಮಠವಾಸಿಗಳಿಲ್ಲದೆ ಇದ್ದ ಈ ಜಾಗ ಸಿಕ್ಕಿತು. ಒಂದು ಶಾಲೆಯನ್ನೂ ತೆರೆದರು. ಅಂದರೆ ನಾವು ಹೇಳುವ ಅರ್ಥದ ಕಾನ್ವೆಂಟೂ ಆಯಿತು ಅನ್ನಿ. ಅವರು ಮೊದಲ ದಿನ ಆ ಚರ್ಚಿನೊಳಗೆ ಬಂದಾಗ, ಎದುರಿಗೆ ಖಾಲಿ ಪೆಟ್ಟಿಗೆಯ ಸುತ್ತ ಶಿಷ್ಯರು ಕೈ ಎತ್ತಿಕೊಂಡು ಹಾಗೇ ನಿಂತಿದ್ದರು.